ಹಳೇ ಮದುವೆ ಟೇಪು, ಹೊಸ ಟಿವಿ: ಒಂದು ಎಕ್ಸ್‌ಪೋರ್ಟ್‌ನ ಪೂರ್ತಿ ಕಥೆ

2003ರಲ್ಲಿ ತೀರ್ಥಹಳ್ಳಿ ಹತ್ತಿರದ ನಮ್ಮ ಅಜ್ಜಿ ಮನೆಯಲ್ಲಿ ಚಿಕ್ಕಪ್ಪನ ಮದುವೆ ಆಯಿತು. ಅಪ್ಪ ಅದನ್ನು ಚಿಕ್ಕ ಡಿಜಿಟಲ್ ಟೇಪು ಹಾಕುವ ಮಿನಿ ಡಿವಿ ಹ್ಯಾಂಡಿಕ್ಯಾಮಿನಲ್ಲಿ ತೆಗೆದಿದ್ದರು. ಮುಹೂರ್ತದ ಭಾಗವನ್ನು ಪೇಟೆಯ ವಿಡಿಯೋದವರು ತೆಗೆದು ವಿಸಿಡಿ ಮಾಡಿ ಕೊಟ್ಟಿದ್ದರು. ಈಗ ಅದೇ ಮನೆಯ ಹಾಲ್‌ನಲ್ಲಿ 43 ಇಂಚಿನ 4ಕೆ ಟಿವಿ ಇದೆ. ಅಜ್ಜಿ, ದೊಡ್ಡಪ್ಪ, ದೊಡ್ಡಮ್ಮ ಅದರಲ್ಲಿ ಮದುವೆ ನೋಡಬೇಕು ಅಂದರು. ಜೊತೆಗೆ ಈಚೆಗೆ ಅಣ್ಣ ಮೊಬೈಲಿನಲ್ಲಿ ತೆಗೆದ ಹಬ್ಬದ ತುಣುಕುಗಳೂ ಬೇಕು. ಊರಿನಲ್ಲಿ ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಪೆನ್‌ಡ್ರೈವ್ ಒಂದೇ ದಾರಿ.

ಇದು ಎಷ್ಟೋ ಮನೆಗಳಲ್ಲಿ ಇರುವ ಪರಿಸ್ಥಿತಿ. ಅದಕ್ಕೇ ಟಿವಿಯಲ್ಲಿ ಓಡುವ ಫೈಲು ಮಾಡುವಾಗ, ಅಂದರೆ ಎಕ್ಸ್‌ಪೋರ್ಟ್ ಮಾಡುವಾಗ, ನಾವು ಏನು ಆರಿಸಿಕೊಂಡೆವು, ಯಾಕೆ ಆರಿಸಿಕೊಂಡೆವು ಎಂಬುದನ್ನು ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಬಂದ ಫೈಲು

ಟೇಪುಗಳನ್ನು ದೊಡ್ಡಪ್ಪ ಮೊದಲು ಒಂದು ಅಂಗಡಿಗೆ ಕೊಟ್ಟಿದ್ದರು. ಅಲ್ಲಿಂದ ಬಂದದ್ದು 4ಕೆ, ಸೆಕೆಂಡಿಗೆ 60 ಫ್ರೇಮಿನ (ಅಂದರೆ 60 ಬಿಡಿ ಚಿತ್ರಗಳ) ಒಂದು ಫೈಲು. ಗಾತ್ರ 7 ಜಿಬಿಗಿಂತ ಜಾಸ್ತಿ. ಅದನ್ನು ಮನೆಯ ಪೆನ್‌ಡ್ರೈವ್‌ಗೆ ಹಾಕಲು ಹೋದರೆ ಕಾಪಿಯೇ ಆಗಲಿಲ್ಲ. ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೇ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿತ್ತು. ಅದರಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಒಳಗೆ ಎಷ್ಟೇ ಜಾಗ ಖಾಲಿ ಇದ್ದರೂ ಅಷ್ಟೇ.

ಬೇರೆ ಪೆನ್‌ಡ್ರೈವ್‌ನಲ್ಲಿ ಹಾಕಿ ನೋಡಿದಾಗ ನಿಜವಾದ ತೊಂದರೆ ಕಂಡಿತು. ಯಾರಾದರೂ ಅಲುಗಾಡಿದರೆ ಸಾಕು, ಅವರ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು ಏಳುತ್ತಿದ್ದವು. ಎಲ್ಲರ ಮುಖ ಅಗಲವಾಗಿತ್ತು. ಮಕ್ಕಳು ಓಡುವಾಗ ಚಿತ್ರ ಒಂದೊಂದು ಕ್ಷಣ ನಿಂತು ಮುಂದೆ ಹೋಗುತ್ತಿತ್ತು. "ನಮ್ಮ ಹಳೇ ಟಿವಿಯಲ್ಲೇ ಚೆನ್ನಾಗಿ ಕಾಣ್ತಿತ್ತಲ್ಲ ಮಾರಾಯಾ" ಎಂದರು ದೊಡ್ಡಪ್ಪ. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಅಂಗಡಿಯ ಫೈಲಿನಲ್ಲಿ ಪ್ರತಿ ಸಂಖ್ಯೆಯೂ ದೊಡ್ಡದು. ರೆಸಲ್ಯೂಷನ್ ದೊಡ್ಡದು, ಫ್ರೇಮ್ ರೇಟ್ ದೊಡ್ಡದು, ಬಿಟ್‌ರೇಟ್ (ಒಂದು ಸೆಕೆಂಡಿನ ವಿಡಿಯೋಕ್ಕೆ ಹಿಡಿಯುವ ಡೇಟಾ) ದೊಡ್ಡದು. ಆದರೆ ಟೇಪಿನಲ್ಲಿ ಇದ್ದದ್ದು ಅದರಲ್ಲಿ ಉಳಿದಿರಲಿಲ್ಲ. ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇದೇ. ಎಕ್ಸ್‌ಪೋರ್ಟ್ ಸೆಟ್ಟಿಂಗ್‌ಗಳನ್ನು ಸಾಫ್ಟ್‌ವೇರಿನ ಪಟ್ಟಿ ನೋಡಿ ಆರಿಸಬಾರದು. ಒಂದು ತುದಿಯಲ್ಲಿ ಮೂಲ ಏನಿದೆ, ಇನ್ನೊಂದು ತುದಿಯಲ್ಲಿ ಯಾವ ಟಿವಿ ಇದೆ, ಈ ಎರಡನ್ನು ನೋಡಿ ಆರಿಸಬೇಕು. ಅದರಲ್ಲೂ ಮನೆಯ ವಿಡಿಯೋದಲ್ಲಿ ಚುಕ್ಕೆಗಳ (ಪಿಕ್ಸೆಲ್‌ಗಳ) ಲೆಕ್ಕಕ್ಕಿಂತ ಚಲನೆ ಮುಖ್ಯ.

ಟೇಪಿನಲ್ಲಿ ನಿಜವಾಗಿ ಏನಿದೆ

ನಮ್ಮ ದೇಶದ ಮಿನಿ ಡಿವಿ ಕ್ಯಾಮೆರಾಗಳು ಪಾಲ್ ಎಂಬ ಟಿವಿ ಪದ್ಧತಿಯವು. ಚಿತ್ರದ ಗಾತ್ರ 720×576. ಸೆಕೆಂಡಿಗೆ 25 ಫ್ರೇಮು. ಆದರೆ ಒಂದೊಂದು ಫ್ರೇಮಿನಲ್ಲೂ ಎರಡು ಬೇರೆ ಬೇರೆ ಕ್ಷಣಗಳಿವೆ. 576 ಸಾಲುಗಳಲ್ಲಿ ಅರ್ಧ ಸಾಲುಗಳು ಒಂದು ಕ್ಷಣದವು. ಅವುಗಳ ನಡುವೆ ಹೆಣೆದುಕೊಂಡಿರುವ ಉಳಿದರ್ಧ, ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದ ಮೇಲಿನವು. ಇಂಥ ಅರ್ಧ ಚಿತ್ರಕ್ಕೆ ಫೀಲ್ಡ್ ಎನ್ನುತ್ತಾರೆ, ಹೀಗೆ ಹೆಣೆಯುವುದಕ್ಕೆ ಇಂಟರ್‌ಲೇಸ್ ಎನ್ನುತ್ತಾರೆ. ಅಂದರೆ ಟೇಪಿನಲ್ಲಿ ಸೆಕೆಂಡಿಗೆ 50 ಕ್ಷಣಗಳಿವೆ. ಹಳೇ ಡಬ್ಬಾ ಟಿವಿ ಆ 50ನ್ನೂ ಒಂದಾದ ಮೇಲೊಂದು ತೋರಿಸುತ್ತಿತ್ತು. ಅದಕ್ಕೇ ಅದರಲ್ಲಿ ನಡಿಗೆ, ಓಟ, ಆರತಿ ತಟ್ಟೆ ತಿರುಗುವುದು ಎಲ್ಲ ಕಣ್ಣೆದುರೇ ನಡೆದಂತೆ ಕಾಣುತ್ತಿತ್ತು.

ಎಲ್‌ಇಡಿ ಟಿವಿ ಇಡೀ ಚಿತ್ರವನ್ನು ಒಟ್ಟಿಗೆ ತೋರಿಸುತ್ತದೆ. ಎರಡು ಕ್ಷಣಗಳು ಒಂದೇ ಚಿತ್ರದಲ್ಲಿ ಬಂದರೆ ಅಲುಗಾಡುವ ವಸ್ತುವಿನ ಅಂಚು ಹಲ್ಲುಹಲ್ಲಾಗಿ ಕಾಣದೆ ಇರುತ್ತದೆಯೇ? ಅಂಗಡಿಯವರು ಫೀಲ್ಡುಗಳನ್ನು ಬಿಡಿಸದೆ ಚಿತ್ರವನ್ನು ಹಾಗೇ ದೊಡ್ಡದು ಮಾಡಿದ್ದರು. ಹಾಗೆ ಮಾಡಿದಾಗ ಅಕ್ಕಪಕ್ಕದ ಸಾಲುಗಳು ಬೆರೆತುಹೋಗುತ್ತವೆ. ಯಾವ ಸಾಲು ಯಾವ ಕ್ಷಣದ್ದು ಅಂತ ಆಮೇಲೆ ಬಿಡಿಸಲು ಆಗುವುದಿಲ್ಲ. ಆ ಫೈಲನ್ನು ರಿಪೇರಿ ಮಾಡುವ ಯೋಚನೆ ಬಿಟ್ಟು ಟೇಪಿಗೇ ವಾಪಸ್ ಹೋದೆವು.

ಅಪ್ಪನ ಹ್ಯಾಂಡಿಕ್ಯಾಮ್ ಇನ್ನೂ ಓಡುತ್ತಿತ್ತು, ಅದು ನಮ್ಮ ಪುಣ್ಯ. ಹಳೇ ಕಂಪ್ಯೂಟರಿನಲ್ಲಿ ಇಂಥ ಕ್ಯಾಮೆರಾ ಜೋಡಿಸುವ ಫೈರ್‌ವೈರ್ ಪೋರ್ಟ್ ಇತ್ತು. ಮಿನಿ ಡಿವಿಯಲ್ಲಿ ಚಿತ್ರ ಡಿಜಿಟಲ್ ಆಗಿಯೇ ಇರುತ್ತದೆ. ಫೈರ್‌ವೈರ್ ಮೂಲಕ ತೆಗೆದರೆ ಟೇಪಿನಲ್ಲಿದ್ದ ಅಂಕಿಗಳೇ ಕಂಪ್ಯೂಟರಿಗೆ ಬರುತ್ತವೆ, ಗುಣಮಟ್ಟ ಒಂಚೂರೂ ಇಳಿಯುವುದಿಲ್ಲ. ಹಳದಿ ಪಿನ್ನಿನ ವಿಡಿಯೋ ಕೇಬಲ್ಲಿನಿಂದ ತೆಗೆದರೆ ಹಾಗಲ್ಲ, ಅನಲಾಗ್ ಆಗಿ ಮತ್ತೆ ಡಿಜಿಟಲ್ ಆಗುವಷ್ಟರಲ್ಲಿ ಬಣ್ಣ, ಅಂಚು ಎರಡೂ ಮಸುಕಾಗುತ್ತವೆ. ಒಂದು ಗಂಟೆಯ ಟೇಪಿಗೆ ಸುಮಾರು 13 ಜಿಬಿ ಬೇಕು. ಈ ಮೂಲ ಫೈಲುಗಳನ್ನು ಹಾಗೇ ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ ಇಟ್ಟಿದ್ದೇವೆ. ಟಿವಿಗೆ ಮಾಡುವ ಫೈಲು ನೋಡಲು ಮಾತ್ರ. ಅದು ಹೋದರೆ ಇನ್ನೊಂದು ಮಾಡಬಹುದು, ಮೂಲ ಹೋದರೆ ಆಯಿತು ಅಷ್ಟೇ.

25 ಅಥವಾ 50

ಫೀಲ್ಡುಗಳನ್ನು ಬಿಡಿಸುವ ಕೆಲಸಕ್ಕೆ ಡಿಇಂಟರ್‌ಲೇಸ್ ಎನ್ನುತ್ತಾರೆ. ಅದಕ್ಕೆ ಹಲವು ದಾರಿ. ಎರಡು ಫೀಲ್ಡುಗಳನ್ನೂ ಕಲಸಿ ಒಂದು ಮಾಡಬಹುದು. ಆಗ ಹಲ್ಲು ಹೋಗುತ್ತದೆ, ಆದರೆ ಅಲುಗುವ ಕೈಗೆ ನೆರಳಿನಂಥ ಇನ್ನೊಂದು ಕೈ ಹುಟ್ಟುತ್ತದೆ. ಒಂದು ಫೀಲ್ಡನ್ನು ಎಸೆದು ಇನ್ನೊಂದನ್ನು ಹಿಗ್ಗಿಸಬಹುದು. ಆಗ ಅರ್ಧ ಸಾಲುಗಳೂ ಅರ್ಧ ಕ್ಷಣಗಳೂ ಹೋಗುತ್ತವೆ. ಮೂರನೆಯದು, ಪ್ರತಿ ಫೀಲ್ಡಿನಿಂದಲೂ ಒಂದು ಪೂರ್ತಿ ಫ್ರೇಮ್ ಕಟ್ಟುವುದು. ಇಲ್ಲದ ಸಾಲುಗಳನ್ನು ಸಾಫ್ಟ್‌ವೇರು ಹಿಂದಿನ ಮುಂದಿನ ಫೀಲ್ಡುಗಳನ್ನು ನೋಡಿ ತುಂಬುತ್ತದೆ. ಹೀಗೆ 25 ಇಂಟರ್‌ಲೇಸ್ ಫ್ರೇಮುಗಳಿಂದ 50 ಪೂರ್ತಿ ಫ್ರೇಮು ಬರುತ್ತವೆ.

ನಾವು ಮೂರನೆಯದನ್ನೇ ಹಿಡಿದೆವು. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಡಿಇಂಟರ್‌ಲೇಸ್ ಫಿಲ್ಟರಿಗೆ 'ಬಾಬ್' ಎಂಬ ಆಯ್ಕೆ ಇದೆ, ಅದೇ ಇದು. ಬಾಬ್ ಹಾಕಿ ಫ್ರೇಮ್ ರೇಟನ್ನು 25ಕ್ಕೆ ಕಟ್ಟಿಬಿಟ್ಟರೆ ಮಾಡಿದ್ದೆಲ್ಲ ದಂಡ. 50 ಅಂತಲೇ ಇಡಬೇಕು. ಇನ್ನೊಂದು ಎಚ್ಚರಿಕೆ. ಡಿವಿಯಲ್ಲಿ ಕೆಳಗಿನ ಫೀಲ್ಡ್ ಮೊದಲು ಬರುತ್ತದೆ, ಡಿವಿಡಿಗಳಲ್ಲಿ ಸಾಮಾನ್ಯವಾಗಿ ಮೇಲಿನದು ಮೊದಲು. ಸಾಫ್ಟ್‌ವೇರ್ ಇದನ್ನು ತಪ್ಪಾಗಿ ತಿಳಿದುಕೊಂಡರೆ ಓಡುವ ಹುಡುಗ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಹೋದಂತೆ ಚಿತ್ರ ನಡುಗುತ್ತದೆ. ಹಾಗೆ ನಡುಗಿದರೆ ಫೀಲ್ಡಿನ ಕ್ರಮ ಬದಲಿಸಿ ನೋಡಬೇಕು.

25 ಫ್ರೇಮಿಗೆ ಇಳಿಸಿದರೆ ಸಿನಿಮಾದ ಥರ ಕಾಣುತ್ತದೆ, ಅದೇ ಚೆಂದ ಎನ್ನುವವರಿದ್ದಾರೆ. ಮದುವೆ ಮನೆಯ ಟೇಪಿಗೆ ಅದು ಬೇಡ ಎಂದು ನನ್ನ ಗಟ್ಟಿ ಅಭಿಪ್ರಾಯ. ಈಗ ಇಲ್ಲದ ನಮ್ಮ ತಾತ ಪಂಚೆ ಎತ್ತಿ ಕಟ್ಟಿಕೊಂಡು ಚಪ್ಪರದ ಕೆಳಗೆ ಸರಸರ ನಡೆದು ಬರುವುದು ಆ ಟೇಪಿನಲ್ಲಿದೆ. ಆ ನಡಿಗೆಯ ಅರ್ಧ ಕ್ಷಣಗಳನ್ನು ಎಸೆಯಲು ನನಗೆ ಯಾವ ಕಾರಣವೂ ಕಾಣಲಿಲ್ಲ.

ಎಷ್ಟು ದೊಡ್ಡ ಚಿತ್ರ

ಲೆಕ್ಕ ಹಾಕಿ ನೋಡಿ. 720×576 ಅಂದರೆ 4,14,720 ಚುಕ್ಕೆ. 4ಕೆ ಅಂದರೆ 3840×2160, ಅಲ್ಲಿಗೆ 82,94,400 ಚುಕ್ಕೆ. ಸರಿಯಾಗಿ ಇಪ್ಪತ್ತು ಪಟ್ಟು. ಟೇಪನ್ನು 4ಕೆ ಮಾಡಿದರೆ ಇಪ್ಪತ್ತರಲ್ಲಿ ಹತ್ತೊಂಬತ್ತು ಚುಕ್ಕೆ ಊಹೆಯವು. ಆ ಹಿಗ್ಗಿಸುವ ಕೆಲಸವನ್ನು ಟಿವಿ ತಾನೇ ಮಾಡಿಕೊಳ್ಳುತ್ತದೆ. ಅದನ್ನು ಫೈಲಿನೊಳಗೆ ತುಂಬಿ ಜಾಗ ತಿನ್ನಿಸುವುದು ಯಾಕೆ?

ಹಾಗಂತ 720×576 ಅಂತಲೇ ಬಿಡಲೂ ಇಲ್ಲ. ಡಿವಿಯ ಚುಕ್ಕೆಗಳು ಚೌಕವಲ್ಲ. ಹಳೇ ಟಿವಿಯ 4:3 ಆಕಾರದ (ಅಗಲ 4, ಎತ್ತರ 3) ಚಿತ್ರವನ್ನು ಚೌಕ ಚುಕ್ಕೆಯಲ್ಲಿ ಹೇಳಬೇಕಾದರೆ 768×576 ಆಗಬೇಕು. ಫೈಲಿನೊಳಗೆ ಚುಕ್ಕೆಯ ಆಕಾರವನ್ನು ಗುರುತು ಹಾಕಿಡಬಹುದು ನಿಜ. ಆದರೆ ಟಿವಿಗಳ ಯುಎಸ್‌ಬಿ ಪ್ಲೇಯರುಗಳೆಲ್ಲ ಆ ಗುರುತನ್ನು ಓದುತ್ತವೆ ಎಂದು ನಂಬುವ ಹಾಗಿಲ್ಲ.

ಇನ್ನೂ ಒಂದು ವಿಷಯ ಇತ್ತು, ಅದು ಆ ಮನೆಗೇ ಸಂಬಂಧಿಸಿದ್ದು. ದೊಡ್ಡಪ್ಪ ಡಿಟಿಎಚ್‌ನಲ್ಲಿ ಬರುವ ಹಳೇ ಸಿನಿಮಾ ಸ್ಕ್ರೀನ್ ತುಂಬಲಿ ಅಂತ ಟಿವಿಯ ಚಿತ್ರವನ್ನು ಅಗಲಕ್ಕೆ ಎಳೆದು ಇಟ್ಟಿರುತ್ತಾರೆ. ಎಷ್ಟು ಸಲ ಸರಿ ಮಾಡಿದರೂ ಮತ್ತೆ ಅಲ್ಲಿಗೇ ಬರುತ್ತದೆ. ಅಂಗಡಿಯ ಫೈಲಿನಲ್ಲಿ ಎಲ್ಲರೂ ದಪ್ಪ ಕಂಡಿದ್ದಕ್ಕೆ ಇದೂ ಒಂದು ಕಾರಣ. ಹಾಗಾಗಿ ನಾವು 768×576 ಚಿತ್ರದ ಎರಡೂ ಪಕ್ಕಕ್ಕೆ 128 ಚುಕ್ಕೆಯಷ್ಟು ಕಪ್ಪು ಪಟ್ಟಿ ಸೇರಿಸಿ 1024×576 ಮಾಡಿದೆವು. ಅದು ಈಗಿನ ಟಿವಿಗಳ 16:9 ಆಕಾರ. ಈಗ ಟಿವಿಯ ಚಿತ್ರವನ್ನು ಎಳೆದಿಟ್ಟಿದ್ದರೂ ಮುಖಗಳು ಹಾಳಾಗುವುದಿಲ್ಲ. ಕಪ್ಪು ಪಟ್ಟಿಯನ್ನು ಫೈಲಿನೊಳಗೆ ಸೇರಿಸಬಾರದು ಎನ್ನುವುದು ಈ ವಿಷಯ ಬಲ್ಲವರು ಹೇಳುವ ಮಾತು. ಕಾಪಿಟ್ಟುಕೊಳ್ಳುವ ಫೈಲಿಗೆ ಅದು ನೂರಕ್ಕೆ ನೂರು ಸರಿ. ಇಲ್ಲಿ ಕಾಪಿಟ್ಟ ಫೈಲು ಬೇರೆಯೇ ಇದೆ, ಇದು ಆ ಹಾಲ್‌ಗಾಗಿ ಮಾಡಿದ್ದು.

ಪರೀಕ್ಷೆ ಅದೇ ಟಿವಿಯಲ್ಲಿ

ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಕಂಡರೆ ಸಾಲದು. ಲ್ಯಾಪ್‌ಟಾಪ್ ಏನು ಕೊಟ್ಟರೂ ಓಡಿಸುತ್ತದೆ. ಟಿವಿಯೊಳಗೆ ಇರುವುದು ಕೆಲವೇ ಬಗೆಯ ವಿಡಿಯೋ ಬಿಡಿಸಲು ಮಾಡಿದ ಚಿಪ್. ಆದ್ದರಿಂದ ಒಂದು ನಿಮಿಷದ ತುಣುಕನ್ನು ಆರಿಸಿದೆವು. ಅದರಲ್ಲಿ ಮಕ್ಕಳ ಓಟ ಇತ್ತು, ಸಂಜೆಗತ್ತಲಿನ ಅಂಗಳ ಇತ್ತು, ಅಜ್ಜಿಯ ಮಾತು ಇತ್ತು. ಅದನ್ನೇ ನಾಲ್ಕು ಥರ ಎಕ್ಸ್‌ಪೋರ್ಟ್ ಮಾಡಿ, ಮೂಲೆಯಲ್ಲಿ ಅ, ಆ, ಇ, ಈ ಎಂದು ಗುರುತು ಹಾಕಿದೆವು. ಅ ಎಂದರೆ ಫೀಲ್ಡುಗಳನ್ನು ಕಲಸಿದ 25 ಫ್ರೇಮು. ಆ ಎಂದರೆ 1024×576ರಲ್ಲಿ 50 ಫ್ರೇಮು. ಇ ಎಂದರೆ ಅದೇ 50 ಫ್ರೇಮನ್ನು 1080 ಸಾಲಿಗೆ ಹಿಗ್ಗಿಸಿದ್ದು. 'ಈ' ಎಂದರೆ ಎರಡನೆಯದನ್ನೇ ಎಚ್‌ಇವಿಸಿ ಎಂಬ, ವಿಡಿಯೋ ಕುಗ್ಗಿಸುವ ಹೊಸ ವಿಧಾನದಲ್ಲಿ ಮಾಡಿದ್ದು. ಊರಲ್ಲಿರುವ ಅಣ್ಣನಿಗೆ ವಾಟ್ಸಾಪ್‌ನಲ್ಲಿ 'ಡಾಕ್ಯುಮೆಂಟ್' ಆಗಿ ಕಳಿಸಿದೆವು. ವಿಡಿಯೋ ಆಗಿ ಕಳಿಸಿದ್ದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತಿತ್ತು, ಪರೀಕ್ಷೆಗೆ ಅರ್ಥವೇ ಇರುತ್ತಿರಲಿಲ್ಲ. ಅವನು ಪೆನ್‌ಡ್ರೈವ್‌ಗೆ ಹಾಕಿ ಎಲ್ಲರಿಗೂ ತೋರಿಸಿದ. ಯಾವುದು ಏನು ಅಂತ ಅವನಿಗೂ ಹೇಳಿರಲಿಲ್ಲ.

'ಅ' ಯಾರಿಗೂ ಹಿಡಿಸಲಿಲ್ಲ. 'ಆ' ಮತ್ತು 'ಇ' ನಡುವೆ ವ್ಯತ್ಯಾಸ ಗೊತ್ತಾಗಲಿಲ್ಲ. ಅಲ್ಲಿಗೆ ಚಿಕ್ಕ ಫೈಲೇ ಸಾಕು ಎಂದು ತೀರ್ಮಾನವಾಯಿತು. 'ಈ' ಗುರುತಿನದು ಅಜ್ಜಿ ಮನೆಯ ಟಿವಿಯಲ್ಲಿ ಓಡಿತು. ಆದರೆ ಶಿವಮೊಗ್ಗದ ಅಕ್ಕನ ಮನೆಯ ಹಳೇ ಟಿವಿಯಲ್ಲಿ ಶಬ್ದ ಮಾತ್ರ ಬಂತು, ಚಿತ್ರ ಬರಲಿಲ್ಲ. ಮದುವೆ ವಿಡಿಯೋ ಇರುವ ಪೆನ್‌ಡ್ರೈವ್ ಒಂದೇ ಮನೆಯಲ್ಲಿ ನಿಲ್ಲುವುದಿಲ್ಲ, ನೆಂಟರಿಂದ ನೆಂಟರಿಗೆ ಹೋಗುತ್ತದೆ ಅಲ್ವಾ? ಎಚ್‌ಇವಿಸಿ 2013ರದು. ಅದೇ ಕೆಲಸಕ್ಕಿರುವ ಹಳೇ ವಿಧಾನ ಎಚ್.264 ಅದಕ್ಕಿಂತ ಹತ್ತು ವರ್ಷ ಹಿಂದಿನದು, ಅಷ್ಟೇ ಹೆಚ್ಚು ಟಿವಿಗಳಿಗೆ ಗೊತ್ತಿರುವುದು. ಎಚ್‌ಇವಿಸಿಯಿಂದ ಉಳಿಯುವ ಜಾಗ ಇಲ್ಲಿ ಲೆಕ್ಕಕ್ಕೇ ಇಲ್ಲ. ಎಚ್.264 ಎಂದು ಗಟ್ಟಿಯಾಯಿತು.

ಬಿಟ್‌ರೇಟ್, ಶಬ್ದ, ರಿಮೋಟು

ಎಚ್.264ರಲ್ಲಿ ನಾವು ಆರಿಸಿದ್ದು ಹೈ ಪ್ರೊಫೈಲ್ ಎಂಬ ಬಗೆ, ಬಣ್ಣಕ್ಕೆ 8 ಬಿಟ್. 10 ಬಿಟ್ಟಿನ ಎಚ್.264 ಮಾಡಿದರೆ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ, ಟಿವಿಗಳು ಸಾಮಾನ್ಯವಾಗಿ ಕೈ ಎತ್ತುತ್ತವೆ. ನಮ್ಮ ಚಿತ್ರದ ಗಾತ್ರಕ್ಕೂ 50 ಫ್ರೇಮಿಗೂ ಲೆವೆಲ್ (ಟಿವಿಯ ಚಿಪ್ಪಿಗೆ ಎಷ್ಟು ಕೆಲಸ ಎಂಬ ಅಳತೆ) 3.2 ಸಾಕು. 1080ರ 50 ಫ್ರೇಮಿಗೆ 4.2 ಬೇಕಾಗುತ್ತಿತ್ತು. ಹಳೇ ಟಿವಿಗಳಲ್ಲಿ ಎಷ್ಟೋ 4.1ಕ್ಕೇ ನಿಲ್ಲುತ್ತವೆ. ಹಿಗ್ಗಿಸದೆ ಇದ್ದದ್ದಕ್ಕೆ ಇದು ಇನ್ನೊಂದು ಲಾಭ.

ಬಿಟ್‌ರೇಟನ್ನು ಇಷ್ಟೇ ಎಂದು ಕಟ್ಟಲಿಲ್ಲ. ಹ್ಯಾಂಡ್‌ಬ್ರೇಕಿನಲ್ಲಿ ಗುಣಮಟ್ಟದ ಅಳತೆ ಇದೆ, ಆರ್‌ಎಫ್ ಅಂತ. ಸಂಖ್ಯೆ ಚಿಕ್ಕದಾದಷ್ಟೂ ಚಿತ್ರ ಚೆನ್ನ, ಫೈಲು ದೊಡ್ಡದು. ಈ ಗಾತ್ರದ ಚಿತ್ರಕ್ಕೆ 18ರಿಂದ 22 ಇಡಿ ಎನ್ನುತ್ತಾರೆ. ನಾವು 18 ಇಟ್ಟೆವು. ಹಗಲಿನ ದೃಶ್ಯಕ್ಕೆ ಕಡಿಮೆ ಬಿಟ್, ಕತ್ತಲಿನ ದೃಶ್ಯಕ್ಕೆ ಜಾಸ್ತಿ ಬಿಟ್ ತಾನಾಗೇ ಹೋಗುತ್ತದೆ. ಸಂಜೆಯ ದೃಶ್ಯಗಳಲ್ಲಿ ಟೇಪಿನ ಕಾಳುಕಾಳು ತುಂಬಾ ಇತ್ತು, ಅದೇ ಬಿಟ್ ತಿನ್ನುವುದು. ಆ ಕಾಳನ್ನು, ಅಂದರೆ ನಾಯ್ಸ್ ಅನ್ನು, ತೆಗೆಯುವ ಫಿಲ್ಟರನ್ನು ತೀರಾ ಮೆಲ್ಲಗೆ ಹಾಕಿದೆವು. ಜೋರಾಗಿ ಹಾಕಿದರೆ ಅಜ್ಜಿಯ ಮುಖದ ಸುಕ್ಕೂ ಸೀರೆಯ ಅಂಚೂ ಮೇಣದ ಹಾಗೆ ನುಣುಪಾಗುತ್ತವೆ. ಅದಕ್ಕಿಂತ ಕಾಳೇ ವಾಸಿ.

ಫೈಲಿನ ಗಾತ್ರದ ಅಂದಾಜು ಸುಲಭ. ಸೆಕೆಂಡಿಗೆ 8 ಮೆಗಾಬಿಟ್ ಆದರೆ ಗಂಟೆಗೆ 3.6 ಜಿಬಿ. 10 ಆದರೆ 4.5 ಜಿಬಿ, ಅದು ಫ್ಯಾಟ್32ರ ಮಿತಿ ದಾಟಿತು. ನಾವು ಟೇಪನ್ನು ಗಂಟೆಗಟ್ಟಲೆ ಒಂದೇ ಫೈಲು ಮಾಡಲಿಲ್ಲ. ನಾಂದಿ, ಕಾಶಿಯಾತ್ರೆ, ಧಾರೆ, ಊಟದ ಪಂಕ್ತಿ, ಹೀಗೆ ಬೇರೆ ಬೇರೆ ಮಾಡಿದೆವು. ಎಂಪಿ4 ಫೈಲಿನೊಳಗಿನ ಚಾಪ್ಟರುಗಳನ್ನು ಟಿವಿಗಳು ಸಾಮಾನ್ಯವಾಗಿ ತೋರಿಸುವುದಿಲ್ಲ. ಬೇರೆ ಫೈಲಾದರೆ ದೊಡ್ಡಮ್ಮ ತಮಗೆ ಬೇಕಾದ್ದಕ್ಕೆ ನೇರ ಹೋಗಬಹುದು. ಹೆಸರುಗಳನ್ನು 01, 02 ಎಂದು ಅಂಕಿಯಿಂದ ಶುರು ಮಾಡಿದೆವು. ಉಳಿದದ್ದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದೆವು. ಕನ್ನಡದಲ್ಲಿ ಬರೆದಾಗ ಆ ಟಿವಿ ಬರೀ ಚೌಕದ ಡಬ್ಬಿಗಳನ್ನು ತೋರಿಸಿತು.

ಯಾರೂ ಅಷ್ಟಾಗಿ ಹೇಳದ ಒಂದು ಸೆಟ್ಟಿಂಗ್ ಇಲ್ಲಿ ತುಂಬಾ ಉಪಯೋಗಕ್ಕೆ ಬಂತು, ಕೀಫ್ರೇಮು. ವಿಡಿಯೋದಲ್ಲಿ ಪೂರ್ತಿ ಚಿತ್ರ ಆಗಾಗ ಮಾತ್ರ ಇರುತ್ತದೆ, ನಡುವಿನವು ಬರೀ ವ್ಯತ್ಯಾಸಗಳು. ರಿಮೋಟಿನಲ್ಲಿ ಹಿಂದೆ ಮುಂದೆ ಹೋದಾಗ ಟಿವಿ ಆ ಪೂರ್ತಿ ಚಿತ್ರಕ್ಕೇ ಹಾರುವುದು. ಮನೆಯ ವಿಡಿಯೋ ನೋಡುವಾಗ "ತಡಿ, ಹಿಂದೆ ಹಾಕು, ಅದು ಯಾರು?" ಎಂಬ ಮಾತು ನಿಮಿಷಕ್ಕೊಂದು ಸಲ ಬರುತ್ತದೆ. ಅದಕ್ಕೆ ಎರಡು ಸೆಕೆಂಡಿಗೊಂದು ಕೀಫ್ರೇಮ್ ಇಟ್ಟೆವು. 50 ಫ್ರೇಮಿನ ಲೆಕ್ಕದಲ್ಲಿ ಕೀಫ್ರೇಮ್ ಅಂತರ 100. ಫೈಲು ಸ್ವಲ್ಪ ದೊಡ್ಡದಾಗುತ್ತದೆ, ಆಗಲಿ.

ಬಣ್ಣದಲ್ಲಿ ನೋಡಬೇಕಾದ್ದು ಎರಡು. ಒಂದು, 0ರಿಂದ 255ರ ಬೆಳಕಿನ ಅಳತೆಯಲ್ಲಿ ಟಿವಿ ವಿಡಿಯೋದ ಕಪ್ಪು 16ರಲ್ಲಿ, ಬಿಳಿ 235ರಲ್ಲಿ ಇರುತ್ತದೆ. ಎಡಿಟರ್ ಸುಮ್ನೆ 0ರಿಂದ 255ಕ್ಕೆ ಹಿಗ್ಗಿಸಿ ಕಳಿಸಿದರೆ, ಟಿವಿಯಲ್ಲಿ ಕಪ್ಪು ಕೂದಲು, ಕಡು ಬಣ್ಣದ ರೇಷ್ಮೆ ಸೀರೆಯ ನೆರಿಗೆ ಎಲ್ಲ ಒಂದೇ ಕಪ್ಪು ಮುದ್ದೆ. ಲಿಮಿಟೆಡ್ ರೇಂಜ್ ಎಂದೇ ಇಡಬೇಕು. ಎರಡು, ಹಳೇ ಟೇಪಿನ ಬಣ್ಣದ ಲೆಕ್ಕ 601 ಎಂಬ ಮಾನಕದ್ದು, ಎಚ್‌ಡಿಯದು 709. ಇವು ಅದಲುಬದಲಾದರೆ ಕುಂಕುಮದ ಕೆಂಪೂ ಮಾವಿನೆಲೆಯ ಹಸಿರೂ ಸ್ವಲ್ಪ ಬೇರೆಯಾಗುತ್ತವೆ. ಮೂಲದ ಗುರುತನ್ನು ಹಾಗೇ ಉಳಿಸಿದೆವು.

ಶಬ್ದ ಎಎಸಿ ಎಂಬ ಬಗೆಯದು, ಎರಡು ಚಾನೆಲ್, 48 ಕಿಲೋಹರ್ಟ್ಸ್, 192 ಕೆಬಿಪಿಎಸ್. ಅಪ್ಪನ ಕ್ಯಾಮೆರಾ 12 ಬಿಟ್, 32 ಕಿಲೋಹರ್ಟ್ಸ್‌ನಲ್ಲಿ ದಾಖಲಿಸಿತ್ತು, ಅದನ್ನು 48ಕ್ಕೆ ಏರಿಸಿದ್ದು ಟಿವಿಗೆ ಹೊಂದಲಿ ಎಂದಷ್ಟೇ. ನಿಜವಾದ ಕೆಲಸ ಇದ್ದದ್ದು ಜೋರು ಮೆಲ್ಲಗಿನಲ್ಲಿ. ವಾಲಗ ಶುರುವಾದರೆ ಕಿವಿ ಮುಚ್ಚಬೇಕು, ಅಜ್ಜಿ ಮಾತಾಡಿದರೆ ಏನೂ ಕೇಳಿಸದು. ವಾಲಗವನ್ನು ತಗ್ಗಿಸಿ ಮಾತನ್ನು ಎತ್ತಿದೆವು. ಡಿಟಿಎಚ್‌ನಿಂದ ಪೆನ್‌ಡ್ರೈವ್‌ಗೆ ಬಂದಾಗ ವಾಲ್ಯೂಮ್ ಮುಟ್ಟಬೇಕಾಗದಿದ್ದರೆ ಅಷ್ಟೇ ಸಾಕು ಎಂಬ ಲೆಕ್ಕ ಇಟ್ಟುಕೊಂಡೆವು.

ಮೊಬೈಲ್ ತುಣುಕುಗಳು ಮತ್ತು ವಿಸಿಡಿ

ಎಲ್ಲವನ್ನೂ ಸೇರಿಸಿ ಒಂದೇ ಸಿನಿಮಾ ಮಾಡಿ ಎಂದು ಅಣ್ಣನ ಆಸೆ. ನಾನು ಒಪ್ಪಲಿಲ್ಲ. ಮೊಬೈಲಿನದು 1080, ಸೆಕೆಂಡಿಗೆ 30 ಫ್ರೇಮು. 30ನ್ನು 50ರ ಟೈಮ್‌ಲೈನಿಗೆ ಹಾಕಿದರೆ ಮೊದಲ ಫ್ರೇಮು ಎರಡು ಸಲ, ಮುಂದಿನದು ಎರಡು ಸಲ, ಅದರ ಮುಂದಿನದು ಒಂದೇ ಸಲ ಬರುತ್ತದೆ. ಕ್ಯಾಮೆರಾ ಮೆಲ್ಲಗೆ ತಿರುಗುವಾಗ ಆ ತಡವರಿಕೆ ಕಣ್ಣಿಗೆ ಹೊಡೆಯುತ್ತದೆ. ಟೇಪಿನದು 50ರಲ್ಲಿ, ಮೊಬೈಲಿನದು 30ರಲ್ಲಿ, ಬೇರೆ ಬೇರೆ ಫೈಲು. ಟಿವಿ ಒಂದಾದ ಮೇಲೆ ಒಂದನ್ನು ತಾನೇ ಓಡಿಸುತ್ತದೆ, ನೋಡುವವರಿಗೆ ಒಂದೇ ಆದ ಹಾಗೆ.

ಮೊಬೈಲಿನ ಫ್ರೇಮ್ ರೇಟ್ ಒಂದೇ ಸಮ ಇರುವುದಿಲ್ಲ, ಬೆಳಕು ಕಮ್ಮಿಯಾದರೆ ಏರುಪೇರಾಗುತ್ತದೆ. ಎಕ್ಸ್‌ಪೋರ್ಟಿನಲ್ಲಿ 'ಕಾನ್ಸ್ಟಂಟ್' ಎಂದು ಆರಿಸಿದೆವು. ಇಲ್ಲವಾದರೆ ಎಡಿಟ್ ಮಾಡುವಾಗ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ಆರ್‌ಎಫ್ 20, ಲೆವೆಲ್ 4.0. ಉದ್ದುದ್ದ ಹಿಡಿದು ತೆಗೆದ ತುಣುಕುಗಳ ಪಕ್ಕದಲ್ಲಿ ಅದೇ ಚಿತ್ರವನ್ನು ಮಸುಕಾಗಿ ತುಂಬುವ ರೂಢಿ ಇದೆಯಲ್ಲ, ಅದನ್ನು ಮಾಡಲಿಲ್ಲ. ಅಲುಗುವ ಮಸುಕು ವಯಸ್ಸಾದವರ ಕಣ್ಣನ್ನು ಸುಮ್ಮನೆ ಎಳೆಯುತ್ತದೆ. ಕಪ್ಪೇ ಇರಲಿ. ಟ್ಯೂಬ್‌ಲೈಟ್ ಕೆಳಗೆ ತೆಗೆದದ್ದರಲ್ಲಿ ಬೆಳಕಿನ ಪಟ್ಟೆಗಳು ಹರಿದಾಡುತ್ತಿದ್ದವು. ನಮ್ಮ ಕರೆಂಟ್ 50 ಹರ್ಟ್ಸ್, ಮೊಬೈಲಿನ ಲೆಕ್ಕ ಬೇರೆ, ಅದರಿಂದ ಆಗುವುದು ಇದು. ಯಾವ ಎಕ್ಸ್‌ಪೋರ್ಟ್ ಸೆಟ್ಟಿಂಗೂ ಅದನ್ನು ಅಳಿಸದು. ತೆಗೆಯುವಾಗಲೇ ಶಟರ್ 1/50 ಅಥವಾ 1/100ರಲ್ಲಿ ಇಡಬೇಕು.

ವಿಸಿಡಿಗೆ ಹೆಚ್ಚು ಮಾಡುವುದೇನೂ ಇರಲಿಲ್ಲ. 352×288, ಸೆಕೆಂಡಿಗೆ ಸುಮಾರು 1.15 ಮೆಗಾಬಿಟ್ಟಿನ, ಎಂಪೆಗ್-1 ಎಂಬ ಹಳೇ ಬಗೆಯ ವಿಡಿಯೋ. ಅದರಲ್ಲಿ ಇಂಟರ್‌ಲೇಸೇ ಇಲ್ಲ, ಡಿಇಂಟರ್‌ಲೇಸ್ ಹಾಕಿದರೆ ಇದ್ದದ್ದೂ ಹಾಳು. 25 ಫ್ರೇಮಿನಲ್ಲೇ ಬಿಟ್ಟು, ಅದೇ 1024×576 ಚೌಕಟ್ಟಿನಲ್ಲಿ ಕೂರಿಸಿದೆವು. ಶಾರ್ಪ್ ಮಾಡಲು ಹೋದರೆ ಚೌಕ ಚೌಕವಾಗಿ ಒಡೆದ ಚಿತ್ರವೇ ಎದ್ದು ಕಾಣುತ್ತದೆ, ಅದನ್ನೂ ಮುಟ್ಟಲಿಲ್ಲ. ಧಾರೆಯ ಹೊತ್ತಿನ ಕೆಲವು ನಿಮಿಷ ಅಪ್ಪನ ಟೇಪಿನಲ್ಲೂ ಇತ್ತು. ಎರಡೂ ಇರುವ ಕಡೆ ಟೇಪಿನದನ್ನೇ ಬಳಸಿದೆವು.

ಟಿವಿಯ ಕಡೆ

ಊರಿಗೆ ಹೋದಾಗ ಟಿವಿಯಲ್ಲಿ ಮೂರು ಬದಲಾವಣೆ ಮಾಡಿದೆ. ಚಿತ್ರದ ಅಂಚನ್ನು ಕತ್ತರಿಸುವ ಓವರ್‌ಸ್ಕ್ಯಾನ್ ತೆಗೆದೆ. ಶಾರ್ಪ್‌ನೆಸ್ಸನ್ನು ಚೆನ್ನಾಗಿ ಇಳಿಸಿದೆ. ಅಂಗಡಿಯಿಂದ ಬಂದಾಗ ಇರುವಷ್ಟು ಶಾರ್ಪ್‌ನೆಸ್ ಹಳೇ ಟೇಪಿನ ಕಾಳನ್ನು ಎತ್ತಿ ತೋರಿಸುತ್ತದೆ. ಚಲನೆಯನ್ನು ನಯ ಮಾಡುವ ಆಯ್ಕೆಯನ್ನೂ ಆಫ್ ಮಾಡಿದೆ, ನಮ್ಮ ಫೈಲಿನಲ್ಲಿ ನಿಜವಾದ 50 ಫ್ರೇಮೇ ಇರುವಾಗ ಟಿವಿ ನಡುವೆ ತನ್ನ ಫ್ರೇಮುಗಳನ್ನು ತೂರಿಸಬೇಕಿಲ್ಲ.

ಶಿವಮೊಗ್ಗದ ಹಳೇ ಟಿವಿಯಲ್ಲೂ ಎಲ್ಲ ಫೈಲುಗಳು ಓಡಿದವು. ಒಂದು ಕೆಲಸ ಉಳಿದಿದೆ. ಊಟದ ಪಂಕ್ತಿಯ ಟೇಪಿನಲ್ಲಿ ಅಲ್ಲಲ್ಲಿ ಚೌಕಗಳು ಒಡೆದು ಕಾಣುತ್ತವೆ. ಕ್ಯಾಮೆರಾದ ಹೆಡ್ಡನ್ನು ಕ್ಲೀನಿಂಗ್ ಕ್ಯಾಸೆಟ್‌ನಲ್ಲಿ ಒರೆಸಿ, ಆ ಟೇಪನ್ನು ಮತ್ತೆ ಓಡಿಸಿ, ಚೆನ್ನಾಗಿ ಬಂದ ಭಾಗಗಳನ್ನು ಜೋಡಿಸಬೇಕು. ಅದಾದ ಮೇಲೆ ಆ ಒಂದು ಫೈಲನ್ನು ಮಾತ್ರ ಇದೇ ಸೆಟ್ಟಿಂಗಿನಲ್ಲಿ ಹೊಸದಾಗಿ ಮಾಡಿ, ಅದೇ ಹೆಸರಿನಲ್ಲಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಲು ಅಣ್ಣನಿಗೆ ಕಳಿಸುತ್ತೇನೆ.